ಟೆಕ್ಸಸ್ಸಿನವನ ಹಾಡಿಗೆ ಅಪ್ಪನ ಅರ್ಥ

ಮಸ್ಕತ್ತಿನ ಹತ್ತಿರದ ಸೀಬ್ ಎಂಬ ಊರಿನ ನಮ್ಮ ಮನೆಯಲ್ಲಿ ಸಾಮಾನುಗಳಿಗೆಲ್ಲ ಬೇರೆಯವರ ಹೆಸರಿತ್ತು. ಫ್ರಿಜ್ಜು ಗೋವಾದವರದು. ಸೋಫಾ ಕೊಟ್ಟಾಯಂ ನರ್ಸಮ್ಮನದು. ಊಟದ ಮೇಜು ಸಿಲೋನಿನವರದು; ಅದರ ಒಂದು ಕಾಲು ಗಿಡ್ಡವಾಗಿದ್ದರಿಂದ ಅಡಿಗೆ ರಟ್ಟು ಮಡಚಿ ಇಟ್ಟಿದ್ದೆವು. ಒಮಾನಿನಲ್ಲಿ ಕೆಲಸ ಮುಗಿಸಿ ಕಾಯಂ ಆಗಿ ಊರಿಗೆ ಹೊರಡುವವರು ಮನೆಯ ಸಾಮಾನನ್ನೆಲ್ಲ ಇಲ್ಲಿ ಉಳಿಯುವವರಿಗೆ ಮಾರಿ ಹೋಗುವುದು ವಾಡಿಕೆ. ಕೊಂಡವರು ತಾವು ಹೊರಡುವ ದಿನ ಬಂದಾಗ ಮತ್ತೊಬ್ಬರಿಗೆ ದಾಟಿಸುತ್ತಾರೆ. ಹೀಗಾಗಿ ನಮ್ಮ ಮನೆಯಲ್ಲಿ, ಎಂದೋ ವಿಮಾನ ಹತ್ತಿ ಹೋದವರು ದಿನಕ್ಕೆ ಹತ್ತು ಸಲ ಮಾತಿನಲ್ಲಿ ಬಂದು ಹೋಗುತ್ತಿದ್ದರು. ‘ಗೋವಾದವರ ಬಾಗಲಾ ಹಾಕು, ತಂಪು ಹೊರಗ ಹೋಗ್ತೈತಿ’ ಎಂದು ಅವ್ವ ಅಡಿಗೆಮನೆಯಿಂದ ಕೂಗುತ್ತಿದ್ದಳು. ಮನೆಗೆ ಹೊಸಬರು ಯಾರಾದರೂ ಬಂದರೆ ಅವರಿಗೆ ಒಂದೊಂದೇ ಸಾಮಾನನ್ನು ತೋರಿಸಿ ಕೊನೆಗೆ ನನ್ನ ತಲೆಯ ಮೇಲೆ ಕೈಯಿಟ್ಟು, ಈ ಮನೆಯಲ್ಲಿ ಹೊಸದು ಅಂದರೆ ಇದೊಂದೇ ಎನ್ನುತ್ತಿದ್ದಳು. ಬಂದವರು ನಗುತ್ತಿದ್ದರು. ನನಗೆ ಮಾತ್ರ, ನನ್ನನ್ನೂ ಒಂದು ದಿನ ಯಾರಿಗಾದರೂ ದಾಟಿಸುತ್ತಾರೇನೋ ಎಂಬ ಅನುಮಾನ ಬಹಳ ದಿನ ಇತ್ತು.

ಅದು ಒಂದು ವಿಲ್ಲಾದ ಮೇಲಂತಸ್ತು. ಕೆಳಗೆ ಮನೆಯ ಯಜಮಾನರಾದ ಒಮಾನಿ ಮುದುಕರು ಇದ್ದರು. ಖರ್ಜೂರದ ಕಾಲದಲ್ಲಿ ಒಂದು ಬುಟ್ಟಿ ಖರ್ಜೂರ ಮೆಟ್ಟಿಲ ಮೇಲೆ ಇಟ್ಟು ಬಾಗಿಲು ಬಡಿದು ಹೋಗುತ್ತಿದ್ದರು. ನಮಗೆ ಇದ್ದದ್ದು ಒಂದು ಹಾಲ್, ಒಂದು ಮಲಗುವ ಕೋಣೆ, ಒಲೆ ಹಚ್ಚಿದರೆ ನಿಲ್ಲಲಾಗದಂಥ ಒಂದು ಅಡಿಗೆಮನೆ. ಏ.ಸಿ. ಇದ್ದದ್ದು ಮಲಗುವ ಕೋಣೆಯಲ್ಲಿ ಮಾತ್ರ. ಬೇಸಿಗೆ ಬಂತೆಂದರೆ ಸಿಲೋನಿನವರ ಮೇಜು ಅನಾಥವಾಗುತ್ತಿತ್ತು. ನಾವು ಮೂವರೂ ತಟ್ಟೆ ಹಿಡಿದು ಮಲಗುವ ಕೋಣೆಯ ನೆಲದ ಮೇಲೆ ಕೂತು ಉಣ್ಣುತ್ತಿದ್ದೆವು. ಅವ್ವ ಜೋಳದ ರೊಟ್ಟಿ ಬಡಿದು ಬೆವರು ಒರೆಸಿಕೊಳ್ಳುತ್ತ ಬಂದು ಏ.ಸಿ.ಯ ಕೆಳಗೆ ನಿಂತು ಕಣ್ಣು ಮುಚ್ಚುತ್ತಿದ್ದಳು. ಜೋಳದ ಹಿಟ್ಟನ್ನು ರಸ್ತೆಯ ಮೂಲೆಯ ಅಂಗಡಿಯ ಹಮೀದಣ್ಣ ನಮಗೋಸ್ಕರ ತರಿಸುತ್ತಿದ್ದರು. ಅವರು ಮಂಗಳೂರಿನ ಕಡೆಯ ಬ್ಯಾರಿ. ಬಾಗಲಕೋಟೆಯ ಅಪ್ಪನ ಕನ್ನಡ ಅವರಿಗೆ ಅರ್ಧ ತಿಳಿಯುತ್ತಿತ್ತು, ಅವರ ಕನ್ನಡ ಅಪ್ಪನಿಗೆ ಮುಕ್ಕಾಲು ತಿಳಿಯುತ್ತಿತ್ತು; ಹಾಗಾಗಿ ಇಬ್ಬರ ಸ್ನೇಹಕ್ಕೆ ಯಾವ ತೊಂದರೆಯೂ ಆಗಲಿಲ್ಲ.

ಅಪ್ಪ, ಗ್ಯಾರೇಜು ವರ್ಕ್‌ಶಾಪುಗಳೇ ತುಂಬಿದ ಘಾಲಾ ಎಂಬ ಬಡಾವಣೆಯ ಒಂದು ಗ್ಯಾರೇಜಿನಲ್ಲಿ ಫೋರ್‌ಮ್ಯಾನ್. ಅಲ್ಲಿ ಹಿಂದಿ, ಅರಬ್ಬಿ, ಇಂಗ್ಲಿಷು ಮೂರನ್ನೂ ಕಲಸಿ ದಿನವಿಡೀ ಕೂಗಾಡುತ್ತಿದ್ದನಂತೆ. ಆ ಕೂಗಾಟವನ್ನು ನಾವು ಕೇಳಿದ್ದೇ ಇಲ್ಲ. ಮನೆಯ ಹೊಸ್ತಿಲು ದಾಟಿದನೆಂದರೆ ಬಾಯಿಗೆ ಬೀಗ. ತಟ್ಟೆ ಮುಂದಿಟ್ಟರೆ ತಲೆ ತಗ್ಗಿಸಿ ಉಣ್ಣುತ್ತಿದ್ದ. ಉಪ್ಪು ಹೆಚ್ಚಾದರೂ ಮಾತಿಲ್ಲ, ಕಡಿಮೆಯಾದರೂ ಮಾತಿಲ್ಲ. ಅವ್ವ ಧಾರವಾಡದಲ್ಲಿ ಬಿ.ಎ., ಬಿ.ಎಡ್. ಮಾಡಿ, ಹೈಸ್ಕೂಲಿನಲ್ಲಿ ಒಂದು ವರ್ಷ ಇಂಗ್ಲಿಷ್ ಕಲಿಸಿ, ಮದುವೆಯಾಗಿ ಇಲ್ಲಿಗೆ ಬಂದವಳು. ಗಂಡನ ವೀಸಾದ ಮೇಲೆ ಬಂದ ಹೆಂಡತಿ ಕೆಲಸ ಮಾಡುವಂತಿರಲಿಲ್ಲ. ಬೆಳಿಗ್ಗೆ ಅಪ್ಪ ಘಾಲಾಕ್ಕೆ, ನಾನು ಇಂಡಿಯನ್ ಸ್ಕೂಲಿಗೆ ಹೋದ ಮೇಲೆ ಸಂಜೆಯವರೆಗೆ ಅವಳಿಗೆ ಜೊತೆ ಎಂದರೆ ಗೋವಾದವರ ಫ್ರಿಜ್ಜಿನ ಗುಂಯ್ ಸದ್ದು. ಸಂಜೆ ಮಾತಾಡಲು ಜನ ಸಿಕ್ಕರು ಎಂದು ಬಂದರೆ ಗಂಡ ಮೂಕ.

“ಗ್ವಾಡಿಗೆ ಬಡಿಸಿದ್ರ ಗ್ವಾಡಿಯಾರ ಏನಾರ ಅಂತಿತ್ತು” ಎನ್ನುತ್ತಿದ್ದಳು ಅವ್ವ, ಅಪ್ಪನಿಗೆ ಕೇಳಿಸುವ ಹಾಗೆ.

ಅಪ್ಪ ಇನ್ನೊಂದು ರೊಟ್ಟಿ ಹರಿದುಕೊಳ್ಳುತ್ತಿದ್ದ. ಅವನ ಲೆಕ್ಕದಲ್ಲಿ ಅದೇ ಉತ್ತರ.

ಹೀಗಿರುವಾಗ ಟೆಕ್ಸಸ್ಸಿನವನ ಗಾಡಿ ನಮ್ಮ ಮನೆಗೆ ಬಂತು. ತೈಲ ಕಂಪನಿಯೊಂದರ ಅಮೆರಿಕನ್ ಇಂಜಿನಿಯರ್ ತನ್ನ ಕಾರನ್ನು ಅಪ್ಪನ ಗ್ಯಾರೇಜಿಗೇ ಸರ್ವೀಸಿಗೆ ತರುತ್ತಿದ್ದನಂತೆ. ಕೆಲಸ ಮುಗಿಸಿ ತನ್ನ ದೇಶಕ್ಕೆ ಹೊರಟಾಗ ಅದನ್ನು ಅಪ್ಪನಿಗೇ ಮಾರಿದ. ಕಾರು ಗಟ್ಟಿಯಿತ್ತು. ಆದರೆ ಅದರ ಸಿ.ಡಿ. ಪ್ಲೇಯರಿನೊಳಗೆ ಒಂದು ಸಿ.ಡಿ. ಸಿಕ್ಕಿಕೊಂಡಿತ್ತು. ಗುಂಡಿ ಒತ್ತಿದರೆ ಒಳಗೆ ಏನೋ ಕರಕರ ಎನ್ನುತ್ತಿತ್ತು, ಹೊರಗೆ ಬರುತ್ತಿರಲಿಲ್ಲ. ಹಾಡು ಮಾತ್ರ ಚೆನ್ನಾಗಿ ಬರುತ್ತಿತ್ತು. ಕವರು ನಮ್ಮ ಕೈಗೆ ಬಂದಿರಲಿಲ್ಲವಾದ್ದರಿಂದ ಹಾಡುವವನ ಹೆಸರು, ಮುಖ ಯಾವುದೂ ನಮಗೆ ಗೊತ್ತಿರಲಿಲ್ಲ. ಟೆಕ್ಸಸ್ಸಿನವನ ಗಾಡಿಯಲ್ಲಿ ಇದ್ದವನು, ಆದ್ದರಿಂದ ಅವನೂ ಟೆಕ್ಸಸ್ಸಿನವನೇ ಆದ.

ಅಮೆರಿಕದ ಹಳ್ಳಿಗಾಡಿನವರ ಈ ಬಗೆಯ ಹಾಡಿಗೆ ಕಂಟ್ರಿ ಎನ್ನುತ್ತಾರೆ, ಅದಕ್ಕೆ ರಾಕ್‌ನ ಗದ್ದಲವನ್ನು ಬೆರೆಸಿ ಮಾಡಿದ ಆಲ್ಬಂ ಅದು ಎಂಬುದೆಲ್ಲ ನನಗೆ ತಿಳಿದದ್ದು ಎಷ್ಟೋ ವರ್ಷಗಳ ಮೇಲೆ. ಆಗ ನಮಗೆ ಗೊತ್ತಿದ್ದದ್ದು ಇಷ್ಟು: ಮೊದಲ ಅರ್ಧದಲ್ಲಿ ಅವನು ಮೆಲ್ಲಗೆ, ಊರ ಕಟ್ಟೆಯ ಮೇಲೆ ಕೂತು ಕಷ್ಟಸುಖ ಹೇಳಿಕೊಳ್ಳುವವನ ಹಾಗೆ ಹಾಡುತ್ತಿದ್ದ. ಹಿಂದೆ ಒಂದು ಪಿಟೀಲು, ಒಂದು ಮೌತ್ ಆರ್ಗನ್, ಮತ್ತೆ ಒಂದು ತಂತಿವಾದ್ಯ. ಅದರ ಸ್ವರ ನಿಂತಲ್ಲಿ ನಿಲ್ಲದೆ ಜಾರಿಕೊಂಡು ಹೋಗುತ್ತಿತ್ತು. ಅಪ್ಪ ಅದಕ್ಕೆ ಅಳೋ ತಂತಿ ಎಂದು ಹೆಸರಿಟ್ಟಿದ್ದ. ಅರ್ಧ ದಾಟಿತೆಂದರೆ ಇವನಿಗೆ ಏನೋ ಮೈಮೇಲೆ ಬಂದಂತಾಗುತ್ತಿತ್ತು. ಡ್ರಮ್ಮು ದಬದಬ ಶುರುವಾಗುತ್ತಿತ್ತು, ಎಲೆಕ್ಟ್ರಿಕ್ ಗಿಟಾರು ಕಿವಿಗೆ ಗರಗಸ ಹಾಕುತ್ತಿತ್ತು. ಅಳೋ ತಂತಿ ಆ ಗದ್ದಲದ ನಡುವೆ ಎಲ್ಲೋ ಹಿಂದೆ ಉಳಿದುಬಿಡುತ್ತಿತ್ತು.

ಗ್ಯಾರೇಜಿನ ಫೋರ್‌ಮ್ಯಾನನ ಕಾರಿನಲ್ಲೇ ಪ್ಲೇಯರ್ ಕೆಟ್ಟಿದೆ ಎಂಬುದು ಹಮೀದಣ್ಣನಿಗೆ ದೊಡ್ಡ ಹಬ್ಬ.

“ಎಂತ ಫೋರ್‌ಮ್ಯಾನ್ ಮಾರಾಯ್ರೆ ನೀವು? ಊರಿನವರ ಗಾಡಿ ಎಲ್ಲ ರಿಪೇರಿ ಮಾಡ್ತೀರಿ, ನಿಮ್ಮದರಲ್ಲಿ ಒಂದು ಸಿ.ಡಿ. ತೆಗೀಲಿಕ್ಕೆ ಆಗುದಿಲ್ವಾ? ದೀಪದ ಬುಡ ಕತ್ತಲೆ ಅಂತ ಹೇಳುದು ಇದಕ್ಕೇ.”

“ನೋಡೂಣ” ಎನ್ನುತ್ತಿದ್ದ ಅಪ್ಪ.

ಅಪ್ಪ ನೋಡಲಿಲ್ಲ. ಯಾಕೆ ನೋಡಲಿಲ್ಲ ಎಂಬುದು ಶುಕ್ರವಾರದ ತಿರುಗಾಟಕ್ಕೆ ಸಂಬಂಧಿಸಿದ್ದು. ಶುಕ್ರವಾರ ರಜೆ. ಅವತ್ತು ಅವ್ವ ಎಣ್ಣೆಗಾಯಿ ಮಾಡುತ್ತಿದ್ದಳು, ಅಪ್ಪ ಎಂದಿನಂತೆ ಮೂಕನಾಗಿ ಉಣ್ಣುತ್ತಿದ್ದ, ಬಿಸಿಲು ಇಳಿದ ಮೇಲೆ ಮೂವರೂ ಕಾರಿನಲ್ಲಿ ಹೊರಡುತ್ತಿದ್ದೆವು. ಒಮ್ಮೆ ಸಮುದ್ರದ ಕಡೆ, ಒಮ್ಮೆ ಬರ್ಕಾ ರಸ್ತೆಯಲ್ಲಿ ಸುಮ್ಮನೆ ಅಷ್ಟು ದೂರ ಹೋಗಿ ತಿರುಗಿ ಬರುವುದು. ಅಪ್ಪ ಸ್ಟೇರಿಂಗ್ ಹಿಡಿದ, ಅವ್ವ ಪಕ್ಕದಲ್ಲಿ ಕೂತಳು, ನಾನು ಹಿಂದೆ, ಹಾಡು ಶುರುವಾಯಿತು. ಮೊದಲನೇ ಶುಕ್ರವಾರವೇ ಅವ್ವ ಕೇಳಿದಳು:

“ಏನಂತ ಹಾಡಾಕತ್ತಾನ್ರಿ ಇವಾ?”

ಅಪ್ಪ, ಮನೆಯಲ್ಲಿ ವಾರಕ್ಕೊಮ್ಮೆಯೂ ಅಷ್ಟು ಮಾತಾಡದವನು, ಹೇಳಿದ:

“ದೂರದ ಊರಿಗೆ ದುಡಿಯಾಕ ಬಂದಾನ. ಸಂಜೀಕ ಮನೀಗೆ ಬರ್ತಾನ. ಮನ್ಯಾಗ ದೀಪ ಹಚ್ಚಿದ್ದು ಹೊರಗಿನಿಂದನ ಕಾಣಸ್ತೈತಿ. ಅದನ್ನ ನೋಡಿದ ಕೂಡ್ಲೆ ಜೀವಕ್ಕ ಸಮಾಧಾನ ಆಗ್ತೈತಂತ.”

“ಅಷ್ಟೂ ಹೇಳ್ಯಾನ?”

“ಹೂಂ. ಭಾಳ ಹೇಳ್ಯಾನ.”

ಅಂದಿನಿಂದ ಅದೊಂದು ಪದ್ಧತಿಯಾಯಿತು. ಹಾಡು ಬಂದ ಹಾಗೆ ಅಪ್ಪ ಅರ್ಥ ಹೇಳುವುದು, ಅವ್ವ ಕಿಟಕಿಯ ಕಡೆ ಮುಖ ಮಾಡಿ ಕೇಳುವುದು. ಒಂದೇ ಹಾಡಿಗೆ ಎಲ್ಲ ವಾರವೂ ಒಂದೇ ಅರ್ಥ ಇರುತ್ತಿರಲಿಲ್ಲ. ಮೌತ್ ಆರ್ಗನ್ನಿನ ಹಾಡು ಒಂದು ವಾರ ಮಳೆಯ ಮೇಲೆ ಇದ್ದರೆ ಇನ್ನೊಂದು ವಾರ ಊಟದ ಮೇಲೆ ಇರುತ್ತಿತ್ತು.

“ಹೆಂಡತಿ ಅಡಿಗಿ ಭಾಳ ಚಲೋ ಆಗೇತಂತ. ಬಾಯಿಬಿಟ್ಟು ಹೇಳಾಕ ಸಂಕೋಚ. ಅದಕ್ಕ ಹಾಡ್ಯಾನ.”

“ಏನ ಅಡಿಗಿ ಅಂತ?”

“ಎಣ್ಣಿಗಾಯಿ.”

“ಅಮೆರಿಕಾದಾಗ ಎಣ್ಣಿಗಾಯಿ ಮಾಡ್ತಾರೇನ್ರಿ?”

“ಹಳ್ಳಿ ಮಂದಿ ಎಲ್ಲಾ ಕಡೆ ಒಂದಽ” ಎಂದು ಅಪ್ಪ ಗೇರು ಬದಲಿಸುತ್ತಿದ್ದ. ಮುಖದಲ್ಲಿ ನಗೆ ಎಂಬುದು ಎಳ್ಳಷ್ಟೂ ಇರುತ್ತಿರಲಿಲ್ಲ.

ವಾರದ ನಡುವೆ ಇಬ್ಬರಿಗೂ ಜಗಳವಾಗಿದ್ದರೆ ಆ ಶುಕ್ರವಾರ ಟೆಕ್ಸಸ್ಸಿನವನು ತಪ್ಪು ಮಾಡಿ ಕೈಮುಗಿದು ನಿಂತಿರುತ್ತಿದ್ದ. ಅವ್ವನಿಗೆ ಜ್ವರ ಬಂದು ಬಿಟ್ಟಿದ್ದರೆ ಅವನು ಹೆಂಡತಿಯ ಕಾಹಿಲೆಗೆ ಹೆದರಿ ಊಟ ಬಿಟ್ಟಿರುತ್ತಿದ್ದ. ಹಿಂದಿನ ಸೀಟಿನಲ್ಲಿ ಕೂತ ನನಗೆ ಆ ಬಡಪಾಯಿಯ ಮೇಲೆ ಬಹಳ ಕನಿಕರ ಬರುತ್ತಿತ್ತು. ಇಷ್ಟು ಒಳ್ಳೆಯವನಿಗೆ ದೇವರು ಇಷ್ಟು ಕಷ್ಟ ಯಾಕೆ ಕೊಟ್ಟ ಎಂದುಕೊಳ್ಳುತ್ತಿದ್ದೆ.

ಆದರೆ ಸ್ಕೂಲಿನಲ್ಲಿ ನನ್ನ ಇಂಗ್ಲಿಷು ಬೆಳೆಯುತ್ತಿತ್ತು. ಟೀಚರು ಮೂಗಿನಲ್ಲಿ ಮಾತಾಡಿದರೂ ಅರ್ಥವಾಗುವ ಮಟ್ಟಕ್ಕೆ ಬಂದ ಮೇಲೆ ಟೆಕ್ಸಸ್ಸಿನವನ ಮೂಗಿನ ಹಾಡೂ ತಿಳಿಯತೊಡಗಿತು. ಒಂದು ಶುಕ್ರವಾರ ಅಪ್ಪ ಮೊದಲನೆಯ ಹಾಡಿಗೆ ದೀಪದ ಅರ್ಥವನ್ನೇ ಹೇಳುತ್ತಿದ್ದಾಗ ನನಗೆ ತಡೆಯಲಾಗಲಿಲ್ಲ.

“ನೋ ಅಪ್ಪಾ. ಇಟ್ಸ್ ಅಬೌಟ್ ಹಿಸ್ ಡಾಗ್. ಅವನ ನಾಯಿ ಸತ್ತುಹೋಗೇತಿ. ನದೀ ದಂಡ್ಯಾಗ ಹುಗದಾನ. ಹೆಂಡತಿ ಇಲ್ಲಽ ಇಲ್ಲ ಹಾಡಿನ್ಯಾಗ.”

ಅಪ್ಪನ ಕಿವಿ ಕೆಂಪಾದದ್ದು ಹಿಂದಿನಿಂದ ನನಗೆ ಕಾಣಿಸಿತು. ಅವ್ವ ತಿರುಗಿ ನನ್ನನ್ನು ನೋಡಿ ಹೇಳಿದಳು:

“ನೀ ಸುಮ್ನ ಕುಂದ್ರು. ನಿನಗೇನು ಗೊತ್ತಾಗ್ತೈತಿ? ನೀವು ಹೇಳ್ರಿ, ದೀಪಾ ಹಚ್ಚಿತ್ತು, ಮುಂದ?”

ನನಗೆ ಅಳು ಬಂತು. ಮನೆಗೆ ಬಂದ ಮೇಲೆ ಅವ್ವ ಬಟ್ಟೆ ಮಡಚುತ್ತ ಕೂತಿದ್ದಾಗ ಹೋಗಿ ಜಗಳ ತೆಗೆದೆ. ನನ್ನ ಹೋಂವರ್ಕಿನ ಒಂದೊಂದು ಸ್ಪೆಲ್ಲಿಂಗನ್ನೂ ತಿದ್ದುವವಳು, ಇಂಗ್ಲಿಷ್ ಕಲಿಸಿದವಳು, ನಾಯಿಯ ಹಾಡು ಯಾವುದು ದೀಪದ ಹಾಡು ಯಾವುದು ಎಂದು ನಿನಗೆ ಗೊತ್ತಾಗುವುದಿಲ್ಲವೇ ಎಂದು ಕೇಳಿದೆ.

“ಹಾಡಿನ ಅರ್ಥ ನನಗ ಮೊದಲನೇ ದಿನಾನ ತಿಳದೈತಿ” ಎಂದಳು ಅವ್ವ, ಅಪ್ಪನ ಅಂಗಿಯ ತೋಳು ಮಡಚುತ್ತ. “ನಾ ಕುಂದರೂದು ನಿಮ್ಮಪ್ಪ ಹೇಳೂ ಅರ್ಥ ಕೇಳಾಕ. ಮತ್ತ ನಡುವ ಬಾಯಿ ಹಾಕಬ್ಯಾಡ.”

ಈಗ ನಾನು ಮಸ್ಕತ್ತಿನ ಒಂದು ಆಸ್ಪತ್ರೆಯಲ್ಲಿ ದುಭಾಷಿ. ನಮ್ಮ ಕಡೆಯ ರೋಗಿ ಹೇಳಿದ್ದನ್ನು ಡಾಕ್ಟರಿಗೆ, ಡಾಕ್ಟರು ಹೇಳಿದ್ದನ್ನು ರೋಗಿಗೆ ಒಂದಕ್ಷರ ಆಚೀಚೆ ಆಗದಂತೆ ತಲುಪಿಸುವುದು ನನ್ನ ಕೆಲಸ. ಆಚೀಚೆ ಮಾಡಿದರೆ ಕೆಲಸ ಹೋಗುತ್ತದೆ, ಒಮ್ಮೊಮ್ಮೆ ಜೀವವೂ ಹೋದೀತು. ಆದರೂ, ಹೆಂಡತಿಯ ಹಾಸಿಗೆಯ ಪಕ್ಕ ನಿಂತು ಏನೋ ಸಂಬಂಧವಿಲ್ಲದ್ದನ್ನು, ಊರಿನ ಬಾವಿಯ ಬಗ್ಗೆಯೋ ಎಮ್ಮೆಯ ಬಗ್ಗೆಯೋ ಮಾತಾಡುವ ಗಂಡಸರನ್ನು ಕಂಡರೆ ನಾನು ಅವರ ಮಾತು ಮುಗಿಯುವವರೆಗೆ ಕಾಯುತ್ತೇನೆ. ನನ್ನ ಜೊತೆಯವರಿಗೆ ಅದು ಸಮಯ ಹಾಳು ಅನ್ನಿಸುತ್ತದೆ. ನನಗೆ ಅನ್ನಿಸುವುದಿಲ್ಲ.

ಅಪ್ಪನ ಅರ್ಥ ಆಲ್ಬಮ್ಮಿನ ಮೊದಲ ಅರ್ಧಕ್ಕೆ ಮಾತ್ರ. ಡ್ರಮ್ಮು ಶುರುವಾದ ಕೂಡಲೇ ಅವನು ಕೈ ಚಾಚಿ ಸದ್ದು ತಗ್ಗಿಸುತ್ತಿದ್ದ. ‘ಇಲ್ಲಿಂದ ಮುಂದ ಬರೇ ಗದ್ದಲ, ಅರ್ಥ ಇಲ್ಲ’ ಎನ್ನುತ್ತಿದ್ದ. ಚಲೋ ಹಾಲಿಗೆ ಹುಳಿ ಹಿಂಡಿದ ಹಾಗೆ ಒಳ್ಳೆಯ ಹಾಡುಗಾರನನ್ನು ಯಾರೋ ಕೆಡಿಸಿದ್ದಾರೆ ಎಂಬುದು ಅವನ ಅಭಿಪ್ರಾಯ. ಅವ್ವನಿಗೆ ಬೇಕಾದದ್ದು ಅದೇ ಗದ್ದಲ. ಕೊನೆಯ ಹಾಡಂತೂ ಅವಳಿಗೆ ಪ್ರಾಣ. ಅಪ್ಪ ತಗ್ಗಿಸಿದ ಸದ್ದನ್ನು ಅವಳು ಮತ್ತೆ ಏರಿಸುತ್ತಿದ್ದಳು, ಕಿಟಕಿಯ ಗಾಜು ಇಳಿಸುತ್ತಿದ್ದಳು, ಮಂಡಿಯ ಮೇಲೆ ಬೆರಳಿನಿಂದ ತಾಳ ಹಾಕುತ್ತಿದ್ದಳು. ಅವಳ ಮುಖ ಆಗ ನನ್ನ ಅವ್ವನ ಮುಖದ ಹಾಗೆ ಇರುತ್ತಿರಲಿಲ್ಲ. ಧಾರವಾಡದ ಕಾಲೇಜಿನ ಫೋಟೋದಲ್ಲಿದ್ದ, ಎರಡು ಜಡೆಯ ಹುಡುಗಿಯ ಮುಖದ ಹಾಗಿರುತ್ತಿತ್ತು. ಆ ಹಾಡಿನ ಅರ್ಥವನ್ನು ಅವಳು ಎಂದೂ ಕೇಳಲಿಲ್ಲ. ಅಪ್ಪನೂ ಹೇಳಲಿಲ್ಲ.

ಒಂದು ಚಳಿಗಾಲದ ಬೆಳಿಗ್ಗೆ ಧಾರವಾಡದಿಂದ ಮಾಮನ ಫೋನು ಬಂತು. ಹಿಂದಿನ ಸೂಟಿಯಲ್ಲಿ ಊರಿಗೆ ಹೋದಾಗ ಅವ್ವ ಸರಕಾರಿ ಹೈಸ್ಕೂಲಿನ ಮಾಸ್ತರಿಕೆಗೆ ಪರೀಕ್ಷೆ ಬರೆದಿದ್ದಳು. ಅದರಲ್ಲಿ ಅವಳ ಹೆಸರು ಬಂದಿತ್ತು. ಜೂನಿಗೆ ಹಾಜರಾಗಬೇಕು. ಅವ್ವ ಫೋನು ಹಿಡಿದುಕೊಂಡೇ ನರ್ಸಮ್ಮನ ಸೋಫಾದ ಮೇಲೆ ಕೂತಳು. ಅವಳು ಹೋದರೆ ನಾನೂ ಅವಳ ಜೊತೆ ಹೋಗಬೇಕು. ಅಪ್ಪ ಇಲ್ಲೇ ಉಳಿಯಬೇಕು, ಅವನ ಕೆಲಸ ಇಲ್ಲಿಯದು. ಹೋಗದಿದ್ದರೆ ಆ ನೌಕರಿ ಮತ್ತೆ ಸಿಗುವುದಿಲ್ಲ. ಇಷ್ಟನ್ನು ಯಾರೂ ನನಗೆ ಬಿಡಿಸಿ ಹೇಳಲಿಲ್ಲ. ಆದರೆ ಎರಡು ಕೋಣೆಯ ಮನೆಯಲ್ಲಿ ಮಕ್ಕಳಿಗೆ ತಿಳಿಯದಿರುವುದು ಯಾವುದಿದೆ? ಸಂಜೆ ಅಪ್ಪನಿಗೆ ಅವ್ವ ಹೇಳಿದಳು. ಅಪ್ಪ ತಟ್ಟೆ ನೋಡುತ್ತ ಕೇಳಿದ:

“ನಿನಗೇನ ಅನಸ್ತೈತಿ?”

“ನೀವು ಹೇಳ್ರಿ.”

“ನಿನ್ನ ಮನಸ್ಸಿಗೆ ಬಂದಂಗ ಮಾಡು.”

ಅವ್ವ ಎದ್ದು ಅಡಿಗೆಮನೆಗೆ ಹೋದಳು. ಒಬ್ಬರು ಹೋಗು ಎನ್ನಲಿಲ್ಲ, ಒಬ್ಬರು ಹೋಗುತ್ತೇನೆ ಎನ್ನಲಿಲ್ಲ. ಅವಳಿಗೆ, ಈ ಮನುಷ್ಯನಿಗೆ ನಾನು ಇದ್ದರೂ ಒಂದೇ ಹೋದರೂ ಒಂದೇ ಅನ್ನಿಸಿರಬೇಕು. ಅವನಿಗೆ ಏನು ಅನ್ನಿಸಿತೆಂಬುದು ಆಮೇಲೆ ತಿಳಿಯಿತು. ಶುಕ್ರವಾರ ಬರಲಿ, ಟೆಕ್ಸಸ್ಸಿನವನು ಏನಾದರೂ ಹೇಳುತ್ತಾನೆ ಎಂದು ನಾನು ಕಾದೆ. ಅವ್ವನೂ ಕಾದಿದ್ದಳು ಎಂದೇ ನನ್ನ ನಂಬಿಕೆ.

ಶುಕ್ರವಾರ ಕಾರಿನಲ್ಲಿ ಕೂತು ಅಪ್ಪ ಗುಂಡಿ ಒತ್ತಿದ. ಬಂದದ್ದು ಕನ್ನಡ ಭಾವಗೀತೆ. ಹೆಣ್ಣುಮಗಳೊಬ್ಬಳು ಕೊಳಲಿನ ಜೊತೆ ಹಾಡುತ್ತಿದ್ದಳು. ಅಪ್ಪ ಘಾಲಾದಲ್ಲಿ ತನ್ನ ಇಲೆಕ್ಟ್ರಿಷಿಯನ್ನನಿಂದ ಡ್ಯಾಶ್‌ಬೋರ್ಡು ಬಿಚ್ಚಿಸಿ, ಸಿಕ್ಕಿಕೊಂಡಿದ್ದ ಸಿ.ಡಿ. ತೆಗೆಸಿ, ಪ್ಲೇಯರ್ ಸರಿಮಾಡಿಸಿ, ಯಾರೋ ಊರಿಗೆ ಹೋಗಿ ಬರುವವರ ಕೈಯಲ್ಲಿ ಈ ಹೊಸ ಸಿ.ಡಿ. ತರಿಸಿದ್ದ. ತುಂಬ ಖುಷಿಯಾಗಿದ್ದ.

“ಕನ್ನಡದ್ದು ಕೇಳಿ ಭಾಳ ದಿನಾ ಆಗಿತ್ತಲ್ಲ ನಿನಗ” ಎಂದ.

“ಹೌದ್ರಿ. ಚಲೋ ಐತಿ” ಎಂದಳು ಅವ್ವ.

ಅಷ್ಟೇ. ಮುಂದೆ ಮಾತಿಲ್ಲ. ಆ ಹಾಡಿನಲ್ಲಿ ಎಲ್ಲರಿಗೂ ಎಲ್ಲವೂ ಅರ್ಥವಾಗುತ್ತಿತ್ತು. ಯಾರೂ ಯಾರಿಗೂ ಹೇಳುವಂಥದ್ದು ಏನೂ ಉಳಿದಿರಲಿಲ್ಲ. ಹೆಂಡತಿ ಉಳಿಯಲಿ ಎಂಬ ಆಸೆಗೆ ಅವಳ ಭಾಷೆಯ ಹಾಡು ತಂದವನು, ತನಗೆ ಮಾತಾಡಲು ಇದ್ದ ಒಂದೇ ದಾರಿಯನ್ನು ತಾನೇ ಮುಚ್ಚಿಕೊಂಡಿದ್ದ. ಆ ಹೆಣ್ಣುಮಗಳು ಇಂಪಾಗಿ ಹಾಡಿದಳು, ನಾವು ಮೂವರೂ ಬರ್ಕಾ ರಸ್ತೆಯ ಖರ್ಜೂರದ ಮರಗಳನ್ನು ನೋಡುತ್ತ ಹೋಗಿ, ನೋಡುತ್ತ ಬಂದೆವು. ಮುಂದಿನ ವಾರವೂ ಹಾಗೆಯೇ. ಮನೆಯಲ್ಲಿ ಅವ್ವ ಅಪ್ಪನಿಗೆ ಬಡಿಸಿ ಅಲ್ಲಿ ನಿಲ್ಲುವುದನ್ನು ಬಿಟ್ಟಳು. ಗೋಡೆಯ ಮಾತನ್ನೂ ಆಡಲಿಲ್ಲ. ಅವಳು ಸಿಟ್ಟಿನಿಂದ ಪಾತ್ರೆ ಬಡಿದಿದ್ದರೂ ನನಗೆ ಧೈರ್ಯ ಬರುತ್ತಿತ್ತು. ಅವಳು ಪಾತ್ರೆಗಳನ್ನು ಸದ್ದಾಗದ ಹಾಗೆ ಇಡುತ್ತಿದ್ದಳು.

ಅದರ ಮುಂದಿನ ಶುಕ್ರವಾರ ಕಾರು ಹೆದ್ದಾರಿಗೆ ಬಂದ ಮೇಲೆ ಅವ್ವ ಕೈ ಚಾಚಿ ಕೊಳಲನ್ನು ನಿಲ್ಲಿಸಿದಳು.

“ಆ ಸಿ.ಡಿ. ಎಲ್ಲೈತ್ರಿ?”

“ಯಾವ್ದು?”

“ಯಾವ್ದಂತ ಕೇಳ್ತೀರಲ್ಲ. ಅವಂದು.”

“ಗ್ಯಾರೇಜಿನ್ಯಾಗ ಇರಬೇಕು. ಅದ್ಯಾಕೀಗ?”

“ಗಾಡಿ ಘಾಲಾಕ್ಕ ತಿರುಗಸ್ರಿ.”

ಅವ್ವ ಅಪ್ಪನಿಗೆ ಹೀಗೆ ಆಜ್ಞೆ ಮಾಡಿದ್ದನ್ನು ನಾನು ಅದೇ ಮೊದಲು ಕೇಳಿದ್ದು. ಅಪ್ಪ ಗಾಡಿ ತಿರುಗಿಸಿದ. ರಜೆಯ ದಿನದ ಘಾಲಾ ಬೇರೆಯೇ ಊರಿನ ಹಾಗಿತ್ತು. ಷಟರುಗಳೆಲ್ಲ ಇಳಿದಿದ್ದವು, ಬಾನೆಟ್ ತೆರೆದ ಗಾಡಿಗಳು ಬಾಯಿ ಬಿಟ್ಟು ನಿದ್ದೆ ಹೋಗಿದ್ದವು. ಗ್ಯಾರೇಜಿನ ಹಿಂದೆ ಕೆಲಸಗಾರರ ಕೋಣೆ. ಇಲೆಕ್ಟ್ರಿಷಿಯನ್ ರಫೀಕ್ ಪಾಕಿಸ್ತಾನದವನು. ಅಂಗಳದಲ್ಲಿ ಬಟ್ಟೆ ಒಗೆಯುತ್ತ ಕೂತಿದ್ದವನು ತನ್ನ ಫೋರ್‌ಮ್ಯಾನ್ ಉಸ್ತಾದನ ಸಂಸಾರವೇ ಬಂದು ನಿಂತದ್ದನ್ನು ಕಂಡು ಗಾಬರಿಯಾಗಿ ಎದ್ದ. ಸಿ.ಡಿ. ಎಂದು ಅಪ್ಪ ಕೇಳಿದಾಗ ಅವನು ನಾಚಿಕೊಂಡು ಕಿಟಕಿಯ ಕಡೆ ತೋರಿಸಿದ. ಪಾರಿವಾಳಗಳು ಬಂದು ಗಲೀಜು ಮಾಡುತ್ತವೆಂದು, ಅವನ್ನು ಹೆದರಿಸಲು ಅದಕ್ಕೆ ದಾರ ಕಟ್ಟಿ ನೇತುಹಾಕಿದ್ದ. ಟೆಕ್ಸಸ್ಸಿನವನು ಇಳಿಬಿಸಿಲಿನಲ್ಲಿ ಗಿರಗಿರ ತಿರುಗುತ್ತ ಹೊಳೆಯುತ್ತಿದ್ದ.

“ಮಾಫ್ ಕರನಾ ಭಾಭೀಜಿ” ಎಂದು ರಫೀಕ್ ದಾರ ಬಿಚ್ಚಿ ಕೊಟ್ಟ.

ಅವ್ವ ಸೆರಗಿನಿಂದ ಅದನ್ನು ಒರೆಸಿದಳು. ಗೀರುಗಳು ಬಿದ್ದಿದ್ದವು. ಕಾರಿಗೆ ಬಂದು, ಅಂಗಳದಲ್ಲಿ ನಿಂತ ಗಾಡಿಯಲ್ಲೇ ಕೂತು, ಸಿ.ಡಿ. ತೂರಿಸಿ, ನೇರವಾಗಿ ಕೊನೆಯ ಹಾಡಿಗೆ ಹೋದಳು. ಡ್ರಮ್ಮು ಶುರುವಾಯಿತು. ಅಪ್ಪನ ಕೈ ಅಭ್ಯಾಸದಂತೆ ಸದ್ದು ತಗ್ಗಿಸಲು ಬಂತು. ಅವ್ವ ಆ ಕೈ ಹಿಡಿದಳು.

“ಇದರ ಅರ್ಥ ಹೇಳ್ರಿ.”

“ಇದರಾಗ ಅರ್ಥ ಇಲ್ಲ. ಗದ್ದಲ.”

“ಐತಿ. ಹೇಳ್ರಿ.”

ಗಿಟಾರು ಕಿರುಚಿತು, ಗೀರಿನ ಮೇಲೆ ಎಡವಿತು, ಮತ್ತೆ ಓಡಿತು. ಅಪ್ಪ ಎದುರಿನ ಷಟರಿನ ಕಡೆ ಮುಖ ಮಾಡಿದ. ಆಮೇಲೆ ಹೇಳಿದ:

“ಹೆಣ್ಣಮಗಳೊಬ್ಬಾಕಿ ಗಾಡಿ ಹೊಡಕೊಂಡು ಹೊಂಟಾಳ. ಊರು ಬಿಟ್ಟು, ಮನಿ ಬಿಟ್ಟು. ಕಿಡಕಿ ತಗದಾಳ, ಗಾಳಿ ಬರಾಕತ್ತೈತಿ. ಹಿಂದ ತಿರುಗಿ ನೋಡೂದಿಲ್ಲ. ಆಕಿಗೆ ಭಾಳ ಸಂತೋಷ ಆಗೇತಿ.”

ನಾನು ಬೆಚ್ಚಿಬಿದ್ದೆ. ಯಾಕೆಂದರೆ ಹಾಡಿನಲ್ಲಿ ಇದ್ದದ್ದು ಅದೇ. ಒಂದು ಮಾತೂ ಹೆಚ್ಚಿಲ್ಲ, ಒಂದು ಮಾತೂ ಕಡಿಮೆಯಿಲ್ಲ. ಅಪ್ಪನಿಗೆ ಎಲ್ಲವೂ ಗೊತ್ತಿತ್ತು, ನಾಯಿಯೂ ಗೊತ್ತಿತ್ತು. ಅವ್ವ ಈ ಹಾಡಿಗೆ ತಾಳ ಹಾಕುವುದನ್ನು ಇಷ್ಟು ದಿನ ಪಕ್ಕದಲ್ಲಿ ಕೂತು ನೋಡಿದ್ದ. ಅದಕ್ಕೇ ಸದ್ದು ತಗ್ಗಿಸುತ್ತಿದ್ದ.

ಅವ್ವನಿಗೂ ಅದು ಆಗಲೇ ಹೊಳೆದಿರಬೇಕು. ಅವಳು ಅಪ್ಪನ ಕೈ ಬಿಡಲಿಲ್ಲ.

“ನೀವು ಸರೀಗೆ ಕೇಳಿಲ್ರಿ” ಎಂದಳು. “ಆಕಿ ಹೋಗ್ತಾಳ, ಖರೆ. ಆದ್ರ ಸೂಟಿಗೆ ಬರ್ತಾಳ. ಬಂದು ರೊಟ್ಟಿ ಮಾಡಿ ಬಡಸ್ತಾಳ.”

“ಹಾಡಿನ್ಯಾಗ ಹಂಗೈತೇನು?”

“ಐತ್ರಿ. ನಿಮಗ ಇಂಗ್ಲೀಷ್ ಎಲ್ಲಿ ಬರ್ತೈತಿ?”

ಅಪ್ಪನ ತುಟಿ ಅಲ್ಲಾಡಿತು. ನಕ್ಕನೋ ಏನೋ ಎನ್ನುವಷ್ಟು. ಇಬ್ಬರೂ ಇಷ್ಟಕ್ಕೇ ಒಪ್ಪಿಕೊಂಡುಬಿಡುತ್ತಾರೆ, ಎಲ್ಲ ಮುಗಿದುಹೋಯಿತು ಎಂದು ನನಗೆ ತಿಳಿಯಿತು. ಎಲ್ಲಿಲ್ಲದ ಸಿಟ್ಟು ಬಂತು. ಅವರಿಗೇನು, ಒಬ್ಬರಿಗೊಬ್ಬರು ಅರ್ಥ ಹೇಳಿಕೊಂಡು ಕೂತಿದ್ದಾರೆ. ಹಿಂದಿನ ಸೀಟಿನಲ್ಲಿ ಒಂದು ಜೀವ ಇದೆ ಎಂಬುದು ಯಾರಿಗಾದರೂ ನೆನಪಿದೆಯೇ?

“ಹಾಡಿನ್ಯಾಗ ಮಗಳು ಇಲ್ಲೇನು?” ಎಂದೆ. “ಆಕಿ ಎಲ್ಲಿ ಹೋಗಬೇಕು? ಆಕಿಗೆ ಅಪ್ಪ ಬ್ಯಾಡೇನು?”

ನನ್ನ ದನಿ ನನಗೇ ಗುರುತು ಸಿಗದಷ್ಟು ಜೋರಾಗಿತ್ತು. ಅವ್ವ ತಿರುಗಿದಳು. ಅಪ್ಪ ಕೈ ಚಾಚಿದ. ಸದ್ದು ತಗ್ಗಿಸಲಿಲ್ಲ, ಹಾಡನ್ನೇ ನಿಲ್ಲಿಸಿದ. ದೂರದಲ್ಲಿ ರಫೀಕ್ ಬಟ್ಟೆ ಜಾಲಾಡುವ ಸದ್ದು ಮಾತ್ರ ಕೇಳುತ್ತಿತ್ತು. ಅಪ್ಪ ಸೀಟಿನಲ್ಲಿ ಪೂರ್ತಿ ತಿರುಗಿ ಕೂತು ನನ್ನನ್ನು ನೋಡಿದ, ಅವ್ವನನ್ನು ನೋಡಿದ.

“ನೀವು ಹೋಗೂದು ನನಗ ಬ್ಯಾಡಾಗೇತಿ” ಎಂದ. “ಇಬ್ಬರೂ ಇಲ್ಲದ ಮನ್ಯಾಗ ನಾ ಹೆಂಗ ಇರ್ಲಿ, ನನಗ ತಿಳೀವಲ್ದು. ಆದ್ರ ನೀ ಹೋಗು, ಸರೋಜಾ. ನೀ ಕಲತಾಕಿ. ಇಲ್ಲಿ ಫ್ರಿಜ್ಜಿನ ಸಪ್ಪಳಾ ಕೇಳ್ಕೋತ ಕುಂದ್ರಾಕ ಬಂದಾಕಿ ಅಲ್ಲ. ನಿನಗ ನನ್ನ ಬಿಟ್ಟು ಹೋಗಬೇಕಾಗೇತಿ, ಹೋಗು. ನಾ ಇಲ್ಲಾ ಅನ್ನಾಂಗಿಲ್ಲ.”

ಅಪ್ಪ ಅವ್ವನ ಹೆಸರು ಹಿಡಿದು ಕರೆದದ್ದನ್ನು ನಾನು ಅದಕ್ಕಿಂತ ಮೊದಲು ಕೇಳಿರಲಿಲ್ಲ. ಅವ್ವ ಅಳುತ್ತಿದ್ದಳು, ಆದರೆ ದನಿ ನೆಟ್ಟಗಿತ್ತು.

“ನನಗ ಕಲಸಾಕ ಹೋಗಬೇಕಾಗೇತ್ರಿ” ಎಂದಳು. “ನಿಮ್ಮನ್ನ ಬಿಟ್ಟು ಹೋಗಬೇಕಾಗಿಲ್ಲ.”

ಅಪ್ಪ ಅವಳನ್ನೇ ನೋಡುತ್ತಿದ್ದ. ಹೊಸ ಭಾಷೆಯ ಮಾತೊಂದನ್ನು ಕೇಳಿ, ಅದು ಹೌದೋ ಅಲ್ಲವೋ ಎಂದು ಮನಸ್ಸಿನಲ್ಲೇ ಮತ್ತೊಮ್ಮೆ ಹೇಳಿಕೊಳ್ಳುವವನ ಹಾಗಿದ್ದ.

“ಅದು ನನಗ ಗೊತ್ತಿರಲಿಲ್ಲ” ಎಂದ.